ರೆಸಿನ್‌ನೊಳಗೆ ದುಂಬಿ: ಮಕ್ಕಳ ಪಾಲೆಷ್ಟು, ದೊಡ್ಡವರ ಪಾಲೆಷ್ಟು?

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತೆಂದರೆ ಮಕ್ಕಳಿಗಿಂತ ತಾಯಂದಿರಿಗೇ ಹೆಚ್ಚು ಕೆಲಸ. ಗಾಜಿನಂಥ ಗಟ್ಟಿಯೊಳಗೆ ದುಂಬಿಯೊಂದು ಕಾಲು ಚಾಚಿ ನಿಂತಿರುವುದನ್ನು ಎಲ್ಲೋ ನೋಡಿ ಬಂದ ಮಗು, "ಉಮ್ಮಾ, ನಾವೂ ಇದನ್ನು ಮಾಡೋಣ" ಎಂದು ಹಟ ಹಿಡಿಯುತ್ತದೆ. ಮಾಡಬಹುದು. ಆದರೆ ಇದರಲ್ಲಿ ಮಕ್ಕಳು ಮಾಡುವ ಕೆಲಸ ಬೇರೆ, ದೊಡ್ಡವರು ಮಾತ್ರ ಮಾಡಬೇಕಾದ ಕೆಲಸ ಬೇರೆ.

ಈ ವಿದ್ಯೆ ಪ್ರಕೃತಿಗೆ ಹೊಸದಲ್ಲ. ಮರದಿಂದ ಒಸರಿದ ಅಂಟಿನಲ್ಲಿ ಸಿಕ್ಕಿಬಿದ್ದ ಕೀಟಗಳು, ಆ ಅಂಟು ಅಂಬರ್ ಆಗಿ ಗಟ್ಟಿಯಾದ ಮೇಲೆ, ಹಾಗೆಯೇ ಉಳಿದಿವೆ. ಬಾಲ್ಟಿಕ್ ಸಮುದ್ರ ತೀರದಲ್ಲಿ ಸಿಗುವ ಅಂಬರ್‌ನಲ್ಲಿ 3 ಕೋಟಿ ವರ್ಷಗಳಿಗೂ ಹಿಂದಿನ ಸೊಳ್ಳೆ, ಇರುವೆಗಳನ್ನು ಕಾಣಬಹುದು. ನಾವು ಬಳಸುವುದು ಅಂಗಡಿಯಲ್ಲಿ ಎರಡು ಬಾಟಲಿಗಳಲ್ಲಿ ಸಿಗುವ ಇಪಾಕ್ಸಿ ರೆಸಿನ್. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್.

ಮೊದಲು ಮಕ್ಕಳ ಪಾಲು. ಚಿಟ್ಟೆ ಹಿಡಿಯಲು ಕಳಿಸಬೇಡಿ. ಅನೇಕ ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಲ್ಲದೆ ರೆಸಿನ್ ಹೀರಿದ ರೆಕ್ಕೆಯ ಬಣ್ಣ ಮಂಕಾಗುವುದೂ ಉಂಟು. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯನ್ನು ತೋಟದವರು ಕೊಕ್ಕೆಯಿಂದ ಎಳೆದು ತೆಗೆಯುತ್ತಾರೆ. ಅದನ್ನೇ ಕೇಳಿ ಪಡೆಯಿರಿ. ಗಟ್ಟಿ ಚಿಪ್ಪಿನ ಈ ದುಂಬಿ ಕಂಬಳಿಹುಳುವಿನಂತೆ ಒಣಗಿ ಸುಕ್ಕಾಗುವುದಿಲ್ಲ.

ಸತ್ತ ದುಂಬಿಯ ಕಾಲುಗಳನ್ನು ಥರ್ಮೋಕೋಲ್ ಮೇಲೆ ಗುಂಡುಸೂಜಿಗಳ ಆಸರೆಯಿಂದ ಹರಡಿ, ಇರುವೆ ಬಾರದ ಕಡೆ ನೆರಳಿನಲ್ಲಿ ಒಣಗಿಸಬೇಕು. ಎರಡು ವಾರವಾದರೂ ಬೇಕು. ಮಳೆಗಾಲವಾದರೆ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ಒಳಗೆ ತೇವ ಉಳಿದರೆ ರೆಸಿನ್ ಮಬ್ಬಾಗುತ್ತದೆ, ದುಂಬಿ ಒಳಗೇ ಕೊಳೆಯುತ್ತದೆ. ಹೆಚ್ಚಿನವರ ಕೆಲಸ ಕೆಡುವುದು ಈ ಅವಸರದಿಂದಲೇ. ದಿನವೂ ನೋಡಿ, ಹೆಸರು, ಸಿಕ್ಕಿದ ಜಾಗ, ತಾರೀಕು ಬರೆದಿಡುವುದು ಮಗುವಿನ ಕೆಲಸ. ನಿಜವಾದ ವಿಜ್ಞಾನ ಕಲಿಯುವುದು ಅಲ್ಲಿಯೇ.

ರೆಸಿನ್ ಬಾಟಲಿ ತೆರೆದ ಮೇಲೆ ಮಕ್ಕಳು ದೂರವಿರಲಿ. ಗಟ್ಟಿಯಾದ ರೆಸಿನ್ ನಿರುಪದ್ರವಿ, ಆದರೆ ದ್ರವರೂಪದ ಇಪಾಕ್ಸಿ ಹಾಗಲ್ಲ. ಅದು ಪದೇ ಪದೇ ಕೈಗೆ ತಾಗಿದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ. ತುರಿಕೆ, ಗುಳ್ಳೆ ಕಾಣಿಸಿಕೊಳ್ಳುತ್ತವೆ. ಒಮ್ಮೆ ಹತ್ತಿದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಮನೆಯಲ್ಲೇ ರೆಸಿನ್ ಕೀಚೈನ್, ಆಭರಣ ಮಾಡಿ ನಾಲ್ಕು ಕಾಸು ಸಂಪಾದಿಸುವ ಸಹೋದರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ಬಾಗಿಲು ತೆರೆದಿಟ್ಟು ಕೆಲಸ ಮಾಡಿ. ಅಡುಗೆಮನೆ ಬೇಡ, ಅಡುಗೆ ಪಾತ್ರೆ ಚಮಚಗಳೂ ಬೇಡ. ಮೈಗೆ ತಾಗಿದರೆ ಥಿನ್ನರ್ ಹಚ್ಚಬೇಡಿ, ಸೋಪು ನೀರಿನಿಂದ ತೊಳೆಯಿರಿ.

ಬಾಟಲಿಯ ಮೇಲೆ ಹೇಳಿದ ಅಳತೆ ತಪ್ಪಬಾರದು. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗದು, ಅಂಟಂಟಾಗಿಯೇ ಉಳಿದೀತು. ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ ಅಚ್ಚಿಗೆ ತೆಳುವಾಗಿ ಸುರಿಯಿರಿ. ಅದು ಜೆಲ್ಲಿಯಂತಾದಾಗ ದುಂಬಿಗೆ ಸ್ವಲ್ಪ ರೆಸಿನ್ ಸವರಿ ಇಡಿ, ಮತ್ತೆ ಪದರ ಪದರವಾಗಿ ಸುರಿಯಿರಿ. ಒಮ್ಮೆಲೇ ತುಂಬಿದರೆ ಬಿಸಿಯೇರಿ ಬಿರುಕು ಬಿಡಬಹುದು. ಪೂರ್ತಿ ಗಟ್ಟಿಯಾಗಲು ಎರಡು ಮೂರು ದಿನ ಬೇಕಾದೀತು. ಉಳಿದದ್ದನ್ನು ಮೋರಿಗೆ ಸುರಿಯದೆ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.

ಅಚ್ಚಿನಿಂದ ಬಿಡಿಸುವ ಸಂತೋಷವನ್ನು ಮಗುವಿಗೇ ಬಿಡಿ. ಬಿಸಿಲಿಗಿಟ್ಟರೆ ರೆಸಿನ್ ಹಳದಿಯಾಗುತ್ತದೆ, ಆದ್ದರಿಂದ ಪ್ರದರ್ಶನ ಮುಗಿದ ಮೇಲೆ ಕಪಾಟಿನಲ್ಲಿರಲಿ, ಮಗು ಬರೆದ ಚೀಟಿಯ ಜೊತೆಗೆ.