ಬರೆವಣಿಗೆಗೆ ಬಾಲ್ಯದ ಶ್ರುತಿ

ಪತ್ರಿಕೆಯ ಗಡುವಿಗೆ ಕಟ್ಟುಬಿದ್ದು ಅನುದಿನವೂ ಬರೆಯಬೇಕಾದವನ ಮನಸ್ಸು ಕ್ರಮೇಣ ಶುಷ್ಕವಾಗಿ, ಲೇಖನಿಯು ಬರಿಯ ಅಭ್ಯಾಸಬಲದಿಂದ ಓಡತೊಡಗಿದಾಗ, ಅವನಿಗೆ ನವಚೈತನ್ಯವನ್ನೀಯಬಲ್ಲ ಸಂಪತ್ತು ಎಳವೆಯಲ್ಲಿ ಕಲಿತ ಶಾಸ್ತ್ರೀಯ ಸಂಗೀತದಲ್ಲಿ ಅಡಗಿರುವುದೆಂದು ನಾನು ದೃಢವಾಗಿ ನಂಬಿದ್ದೇನೆ.

ಬಹುಕಾಲದ ಮೇಲೆ ಶ್ರುತಿ ಹಿಡಿದು ಮಾಯಾಮಾಳವಗೌಳದ ಸರಳೆವರಸೆಯನ್ನು ಮತ್ತೆ ಹಾಡತೊಡಗಿದಾಗ, ಪುರಂದರದಾಸರು ರೂಪಿಸಿದರೆಂದು ಪರಂಪರೆಯು ಹೇಳುವ ಆ ಪಾಠಕ್ರಮದ ಮರ್ಮವು ನನಗೆ ಲೇಖಕನ ದೃಷ್ಟಿಯಿಂದ ಗೋಚರಿಸಿತು. ಮೊದಲನೆಯ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಆದರೆ ಆದಿತಾಳದ 8 ಅಕ್ಷರಗಳ ನಡೆಯು ಕಿಂಚಿತ್ತೂ ಚಲಿಸದು, ಒಂದು ಸ್ವರವೂ ಲೋಪವಾಗದು. ವಿಳಂಬದಲ್ಲಿ ಶುದ್ಧವಾಗಿ ನಿಲ್ಲದ ಸ್ವರವು ವೇಗದಲ್ಲಿ ಶುದ್ಧವಾಗಲಾರದೆಂಬ ಈ ನಿಯಮವು ಗದ್ಯಕ್ಕೂ ಅನ್ವಯಿಸುವುದು: ನಿಧಾನವಾಗಿ ಯೋಚಿಸಿದವನು ಮಾತ್ರವೇ ಶೀಘ್ರವಾಗಿ ಬರೆದೂ ಅರ್ಥವನ್ನು ಉಳಿಸಿಕೊಳ್ಳಬಲ್ಲನು.

ನಾದ ಮತ್ತು ನುಡಿಗಳ ಈ ಬಾಂಧವ್ಯಕ್ಕೆ ನಮ್ಮಲ್ಲಿಯೇ ಉಜ್ಜ್ವಲ ನಿದರ್ಶನವಿದೆ. ಮೈಸೂರಿನ ಆಸ್ಥಾನ ವಿದ್ವಾಂಸರೂ ವಾಗ್ಗೇಯಕಾರರೂ ಆಗಿದ್ದ ವಾಸುದೇವಾಚಾರ್ಯರು (1865–1961) ‘ನಾ ಕಂಡ ಕಲಾವಿದರು’ ಎಂಬ ಕೃತಿಯಿಂದ ಕನ್ನಡ ಗದ್ಯವನ್ನೂ ಸಮೃದ್ಧಗೊಳಿಸಿದರು.

ಆದುದರಿಂದ, ಹತ್ತನೆಯ ತರಗತಿಯ ಪರೀಕ್ಷೆಯು ಸಮೀಪಿಸಿತೆಂದು ಮಕ್ಕಳ ಸಂಗೀತಪಾಠವನ್ನು ನಿಲ್ಲಿಸುವ ತಂದೆತಾಯಂದಿರು ಪುನರಾಲೋಚಿಸಬೇಕು. ಆ ಮಕ್ಕಳೆಲ್ಲರೂ ವೇದಿಕೆಯನ್ನೇರುವ ವಿದ್ವಾಂಸರಾಗಬೇಕಿಲ್ಲ. ಮುಂದೆ ಯಾವ ವೃತ್ತಿಯನ್ನು ಕೈಗೊಂಡರೂ, ಅವಸರದ ನಡುವೆ ಮನಸ್ಸನ್ನು ಸ್ತಿಮಿತಕ್ಕೆ ತಂದುಕೊಳ್ಳುವ ಈ ಶಿಕ್ಷಣವು ಅವರ ಆಜೀವ ಸ್ವತ್ತಾಗುವುದು. ಬರೆಯುವವರಂತೂ ದಿನಕ್ಕೆ ಅರ್ಧ ಗಂಟೆಯನ್ನಾದರೂ ಅದಕ್ಕೆ ಮೀಸಲಿಡುವುದು ವಿಲಾಸವಲ್ಲ, ಕರ್ತವ್ಯವೇ ಸರಿ.