ತೆಳು ತಗಡಿನ ಬೆಸುಗೆ: ಯಂತ್ರ ಕೊಳ್ಳುವ ಮುನ್ನ

ಜತ್ತ ತಾಲೂಕಿನ ಕರಜಗಿಯಿಂದ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. (ಅಕ್ಕಲಕೋಟ ತಾಲೂಕಿನಲ್ಲಿಯೂ ಒಂದು ಕರಜಗಿಯಿದೆ, ಹಾವೇರಿಯ ಕಡೆಗೂ ಒಂದಿದೆ, ಇದು ಉಮದಿಯ ಕಡೆಯ ಕರಜಗಿ.) ಅವರ ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಪಡೆದು ಊರಿಗೆ ಮರಳಿದ್ದಾನೆ. ಟ್ರಂಕು, ಕಾಳಿನ ಪೀಪಾಯಿ, ಟ್ರ್ಯಾಕ್ಟರಿನ ಮಡ್‌ಗಾರ್ಡು ಮುಂತಾದ ತೆಳು ತಗಡಿನ ಕೆಲಸವನ್ನು ಮನೆಯಲ್ಲಿಯೇ ಮಾಡಬೇಕೆಂಬುದು ಅವನ ಅಪೇಕ್ಷೆ. ಸೊಸೈಟಿಯಲ್ಲಿ ಸಾಲ ತೆಗೆಯಲು ತಂದೆಯವರು ಸಿದ್ಧರಿದ್ದಾರೆ. ಅಂಗಡಿಯವರು 250 ಆಂಪಿಯರಿನ ಮಿಗ್ ಯಂತ್ರವನ್ನೇ ಕೊಳ್ಳಿರೆಂದು ಹೇಳುತ್ತಾರಂತೆ. ಕೊಳ್ಳಬಹುದೇ?

ವಕೀಲನಿಗೆ ಕೇಳುವ ಪ್ರಶ್ನೆಯೇ ಇದು ಎಂದು ಕೆಲವರು ನಗಬಹುದು. ಸಾಲ ಮಾಡಿ ತಂದ ಯಂತ್ರ ಮೂಲೆಗೆ ಬಿದ್ದರೂ ಸಾಲದ ಕಂತು ಮೂಲೆಗೆ ಬೀಳುವುದಿಲ್ಲ. ಅಂಥ ಕಾಗದಗಳು ಕಡೆಗೆ ನಮ್ಮ ಮೇಜಿನ ಮೇಲೆಯೇ ಬರುತ್ತವೆ. ಆದ್ದರಿಂದ ಮೊದಲೇ ಮಾತನಾಡುವುದು ಲೇಸು.

ಮೊದಲು ತಗಡಿನ ವಿಚಾರ. ವ್ಯಾಪಾರಿಗಳು ಗೇಜಿನ ಲೆಕ್ಕ ಹೇಳುತ್ತಾರೆ. 18 ಗೇಜಿನ ತಗಡು ಸುಮಾರು 1.2 ಮಿ.ಮೀ. ದಪ್ಪ, 20 ಗೇಜಿನದು 0.9, 22 ಗೇಜಿನದು 0.7. ಗೇಜಿನ ಅಂಕಿ ಏರಿದಂತೆ ತಗಡು ತೆಳುವಾಗುತ್ತದೆ. ಬೆಸುಗೆಗೆ ಬೇಕಾದ ವಿದ್ಯುತ್ತಿಗೆ ಒಂದು ಸ್ಥೂಲ ಲೆಕ್ಕವಿದೆ: ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರು. ಹಾಗಾದರೆ 22 ಗೇಜಿನ ತಗಡು ಬೇಡುವುದು 30 ಆಂಪಿಯರಿನ ಆಸುಪಾಸು ಮಾತ್ರ. ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿರುವ ಕಡ್ಡಿಯ ವೆಲ್ಡಿಂಗಿನಲ್ಲಿ 2.5 ಮಿ.ಮೀ. ಕಡ್ಡಿಯೇ 60ರಿಂದ 90 ಆಂಪಿಯರು ಕೇಳುತ್ತದೆ. ಕಬ್ಬಿಣದ ಗೇಟಿಗೆ ಅದು ಸರಿ; ಟ್ರಂಕಿನ ತಗಡಿಗೆ ಹಚ್ಚಿದರೆ ತೂತು ಬೀಳುತ್ತದೆ. ಮಿಗ್ ಯಂತ್ರದಲ್ಲಿ ಕಡ್ಡಿಯ ಬದಲು ಸುರುಳಿಯಿಂದ ಸಣ್ಣ ತಂತಿ ತಾನಾಗಿ ಹರಿದು ಬರುತ್ತದೆ, ಅದರ ಸುತ್ತ ಅನಿಲದ ಹೊದಿಕೆ ಇರುತ್ತದೆ, ಉರಿಯನ್ನು ಬಹಳ ಕೆಳಗೆ ಇಳಿಸಬಹುದು. ಹುಡುಗನ ಆಯ್ಕೆ ಇಷ್ಟರಮಟ್ಟಿಗೆ ಯೋಗ್ಯವಾಗಿದೆ.

ಆದರೆ ಎಷ್ಟು ಕೆಳಗೆ? ಯಂತ್ರದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ 200 ಅಥವಾ 250 ಎಂಬುದು ಅದರ ಮೇಲಿನ ಮಿತಿ. ತೆಳು ತಗಡಿನವನು ಓದಬೇಕಾದದ್ದು ಹಿಂಬದಿಯ ಪಟ್ಟಿಯಲ್ಲಿ ಸಣ್ಣದಾಗಿ ಕೆತ್ತಿರುವ ಕೆಳಗಿನ ಮಿತಿಯನ್ನು. ದೊಡ್ಡ ಯಂತ್ರಗಳಲ್ಲಿ ಹಲವು 50 ಆಂಪಿಯರಿಗಿಂತ ಕೆಳಗಿಳಿಯುವುದಿಲ್ಲ. ಅಂಥದು 22 ಗೇಜಿನ ತಗಡಿಗೆ ನಿರುಪಯುಕ್ತ. 30 ಆಂಪಿಯರಿಗೆ ಅಥವಾ ಇನ್ನೂ ಕೆಳಗೆ ಇಳಿಯುವ, ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಅಲ್ಲದೆ ತಿರುಗುಗುಂಡಿಯಿಂದ ನಯವಾಗಿ ಹೊಂದಿಸಬಹುದಾದ ಯಂತ್ರ ಬೇಕು. 0.8 ಮಿ.ಮೀ. ತಂತಿಯಷ್ಟೇ ಅಲ್ಲ, 0.6 ಮಿ.ಮೀ. ತಂತಿಯೂ ನಡೆಯುವಂಥ ಉರುಳೆ ಅದರಲ್ಲಿದೆಯೇ ಎಂದು ತೆರೆದು ನೋಡಬೇಕು. ಚಾವಣಿಯ ಪತ್ರಾಸಿನ ಆಸೆ ಮಾತ್ರ ಬೇಡ; ಅರ್ಧ ಮಿ.ಮೀ.ಗಿಂತ ತೆಳುವಾದ ಅದಕ್ಕೆ ರಿವೆಟ್ಟು, ಸ್ಕ್ರೂಗಳೇ ಯೋಗ್ಯ.

ಯಂತ್ರದ ಪಟ್ಟಿಯಲ್ಲಿ ಡ್ಯೂಟಿ ಸೈಕಲ್ ಎಂಬ ಇನ್ನೊಂದು ಅಂಕಿ ಇರುತ್ತದೆ. 200 ಆಂಪಿಯರಿಗೆ 20 ಪ್ರತಿಶತವೆಂದರೆ ಹತ್ತು ನಿಮಿಷದಲ್ಲಿ ಎರಡು ನಿಮಿಷ ಕೆಲಸ, ಎಂಟು ನಿಮಿಷ ವಿಶ್ರಾಂತಿ. ಈ ಅಳತೆಯನ್ನು 40 ಡಿಗ್ರಿ ಉಷ್ಣದಲ್ಲಿ ಮಾಡಿದ್ದಾರೆಯೇ, ತಂಪು ಕೋಣೆಯಲ್ಲಿಯೇ ಎಂದು ಕೇಳಬೇಕು. ಜತ್ತದ ಬೇಸಿಗೆ ಯಾರಿಗೂ ಗೊತ್ತಿಲ್ಲದ್ದಲ್ಲ. 40 ಆಂಪಿಯರಿನ ಕೆಲಸದಲ್ಲಿ ಯಂತ್ರ ಅಷ್ಟು ಬೇಗ ದಣಿಯುವುದಿಲ್ಲವಾದ್ದರಿಂದ ಈ ಅಂಕಿಗಾಗಿ ಹೆಚ್ಚು ಹಣ ತೆರುವ ಕಾರಣ ನನಗೆ ಕಾಣುವುದಿಲ್ಲ.

ಅನಿಲದ ಪ್ರಶ್ನೆ ಇದಕ್ಕಿಂತ ದೊಡ್ಡದು. ಶುದ್ಧ ಕಾರ್ಬನ್ ಡೈಆಕ್ಸೈಡು ಅಗ್ಗ. ಆದರೆ ಅದರ ಉರಿ ಒರಟು, ಕಿಡಿಯೂ ಹೆಚ್ಚು. ನೂರಕ್ಕೆ ಎಂಬತ್ತು ಭಾಗದಷ್ಟು ಆರ್ಗಾನ್ ಬೆರೆತ ಅನಿಲ ತೆಳು ತಗಡಿಗೆ ಉತ್ತಮ, ಬೆಲೆ ಹೆಚ್ಚು. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡು ಒಂದು ಗಂಟೆಯೊಳಗೇ ಮುಗಿಯುತ್ತದೆ. ಸಿಲಿಂಡರು ಎಲ್ಲಿ ತುಂಬಿಸಿಕೊಡುತ್ತಾರೆ, ವಿಜಯಪುರದಲ್ಲೋ ಮಿರಜದಲ್ಲೋ, ಹೋಗಿಬರುವ ಖರ್ಚು ಎಷ್ಟು ಎಂಬುದನ್ನು ಯಂತ್ರದ ಬೆಲೆ ಕೇಳುವ ಮೊದಲೇ ವಿಚಾರಿಸಬೇಕು. ಅನಿಲವೇ ಬೇಡದ ತಂತಿಯೂ ಉಂಟೆಂದು ಅಂಗಡಿಯವರು ಹೇಳುತ್ತಾರೆ. ಅದು ಸುಳ್ಳಲ್ಲ. ಒಳಗೆ ಪುಡಿ ತುಂಬಿದ ಆ ತಂತಿಗೆ ಧನ, ಋಣ ತುದಿಗಳನ್ನು ಅದಲು ಬದಲು ಮಾಡಬೇಕು. ಆ ಸೌಲಭ್ಯವಿಲ್ಲದ ಯಂತ್ರದಲ್ಲಿ ಅದು ಕೆಟ್ಟದಾಗಿ ಸಿಡಿಯುತ್ತದೆ. ಅದರ ಉರಿಯೂ ಹೆಚ್ಚಾದ್ದರಿಂದ 1 ಮಿ.ಮೀ.ಗಿಂತ ತೆಳುವಾದುದಕ್ಕೆ ನಾನು ಅದನ್ನು ಸೂಚಿಸಲಾರೆ. ಬಯಲಿನ ಕೆಲಸಕ್ಕೆ ಮಾತ್ರ ಅದೇ ಬೇಕು, ಏಕೆಂದರೆ ಗಾಳಿ ಬೀಸಿದರೆ ಅನಿಲದ ಹೊದಿಕೆ ನಿಲ್ಲುವುದಿಲ್ಲ. ಜತ್ತದ ಮಾಳಗಳ ಮೇಲೆ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲವಷ್ಟೇ.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮನ್ನು ಪ್ರತಿಯೊಬ್ಬ ಖರೀದಿದಾರನೂ ತಿಳಿದಿರಬೇಕು. ತನಗೆ ಯಾವ ಉದ್ದೇಶಕ್ಕೆ ಸರಕು ಬೇಕೆಂಬುದನ್ನು ಕೊಳ್ಳುವವನು ಹೇಳಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಶರತ್ತು ಬರೆಯದಿದ್ದರೂ ವ್ಯವಹಾರದಲ್ಲಿ ಅಡಗಿರುತ್ತದೆ. ಆದರೆ ವ್ಯಾಪಾರದ ಹೆಸರು ಹಿಡಿದು ಇಂಥದನ್ನೇ ಕೊಡಿರೆಂದು ಕೇಳಿ ಪಡೆದ ಸರಕಿಗೆ ಈ ರಕ್ಷಣೆ ಇಲ್ಲ. ನೆರೆಯವನ ಯಂತ್ರದ ಹೆಸರು ಹೇಳಿ ಅದನ್ನೇ ತರುವುದಕ್ಕೂ, 22 ಗೇಜಿನ ತಗಡನ್ನು ತೂತು ಬೀಳದಂತೆ ಬೆಸೆಯುವ ಯಂತ್ರ ಕೊಡಿರೆಂದು ಕೇಳುವುದಕ್ಕೂ ಇರುವ ಅಂತರ ಇದು. ಎರಡನೆಯ ರೀತಿಯಲ್ಲಿಯೇ ಕೇಳಬೇಕು, ಆ ಮಾತನ್ನು ಬಿಲ್ಲಿನ ಮೇಲೆ ಬರೆಸಬೇಕು. ಜೊತೆಗೆ ಮಗನು ತಾನು ಬಳಸುವ ತಗಡಿನ ನಾಲ್ಕು ತುಂಡುಗಳನ್ನು ಚೀಲದಲ್ಲಿ ಒಯ್ದು ಅಂಗಡಿಯಲ್ಲಿಯೇ ಬೆಸೆದು ನೋಡಲಿ. ಅದಕ್ಕೆ ಒಪ್ಪದ ಅಂಗಡಿಯಿಂದ ಸಾಲದ ಹಣದೊಡನೆ ಹಾಗೆಯೇ ಹೊರಬರಬಹುದು.

ಬಿಲ್ಲು ಮಗನ ಹೆಸರಿನಲ್ಲಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರೋದ್ದೇಶಕ್ಕೆ ಕೊಂಡವನನ್ನು ಗ್ರಾಹಕನೆಂದು ಒಪ್ಪುವುದಿಲ್ಲ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡು ತಾನೇ ಬಳಸುವವನನ್ನು ಒಪ್ಪುತ್ತದೆ. ನಮ್ಮ ಗಡಿಯ ಜನರಿಗೆ ಇದೇ ಕಾಯ್ದೆಯಲ್ಲಿ ಇನ್ನೊಂದು ದೊಡ್ಡ ಉಪಕಾರವಿದೆ. ಕರಜಗಿಯವರಿಗೆ ಸಾಂಗಲಿ ನೂರು ಕಿಲೋಮೀಟರಿಗೂ ದೂರ, ವಿಜಯಪುರ ಅದಕ್ಕಿಂತ ಬಹಳ ಹತ್ತಿರ. ಯಂತ್ರವನ್ನು ಅಲ್ಲಿಂದಲೇ ತರುವುದು ಸಹಜ. ರಾಜ್ಯ ದಾಟಿ ಕೊಂಡ ಸರಕಿಗೆ ಇಲ್ಲಿ ದಾದು ಫಿರ್ಯಾದಿ ಇಲ್ಲವೆಂದು ಅನೇಕರು ಕೈಚೆಲ್ಲುತ್ತಾರೆ. ಹಾಗಲ್ಲ. 34ನೆಯ ಕಲಮಿನ ಪ್ರಕಾರ ದೂರುದಾರನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೂ ದೂರು ಸಲ್ಲಿಸಬಹುದು. ವಿಜಯಪುರದ ಅಂಗಡಿಯವರು ಸಾಂಗಲಿಗೆ ಬಂದು ಉತ್ತರಿಸಬೇಕು. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ ಮಾತಿಗೆ ದೋಷವುಳ್ಳ ಸರಕಿನ ವಿಷಯದಲ್ಲಿ ಬೆಲೆಯಿಲ್ಲ. ತೆರಿಗೆ ಉಳಿಸುವ ಆಸೆಗೆ ಬಿಲ್ಲನ್ನೇ ಪಡೆಯದೆ ಬಂದವನು ಮಾತ್ರ ಇವೆಲ್ಲವನ್ನೂ ಸಾಬೀತುಪಡಿಸಲು ಹೆಣಗಬೇಕಾಗುತ್ತದೆ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರು ಬೆಳಕು ನೋಡಲು ಬಾಗಿಲಲ್ಲಿ ನಿಲ್ಲುತ್ತಾರೆ. ಕ್ಷಣಕಾಲ ನೋಡಿದರೂ ರಾತ್ರಿ ಕಣ್ಣಿಗೆ ಮರಳು ಎರಚಿದಂತಾಗುವುದುಂಟು. ಕೊಠಡಿಗೆ ದಪ್ಪ ಪರದೆ ಹಾಕಲೇಬೇಕು. ಜಸ್ತ ಲೇಪಿಸಿದ ತಗಡನ್ನು ಲೇಪ ಉಜ್ಜಿ ತೆಗೆಯದೆ ಬೆಸೆದರೆ ಅದರ ಬಿಳಿ ಹೊಗೆಯಿಂದ ಚಳಿಜ್ವರ ಬರುತ್ತದೆ. ಡೀಸೆಲ್ಲು ಅಥವಾ ಕ್ರಿಮಿನಾಶಕ ತುಂಬಿದ್ದ ಮುಚ್ಚಿದ ಪೀಪಾಯಿಯನ್ನು ಯಾರೇ ತರಲಿ, ಎಷ್ಟೇ ಕೊಡಲಿ, ಮುಟ್ಟಬಾರದು.

ಉಳಿದದ್ದು ಮೀಟರಿನ ಮಾತು. 40 ಆಂಪಿಯರಿನ ಬೆಸುಗೆಗೆ ಯಂತ್ರ ಎಳೆಯುವುದು ಸುಮಾರು ಒಂದು ಕಿಲೋವ್ಯಾಟು. ಮನೆಯ 16 ಆಂಪಿಯರಿನ ಪ್ಲಗ್ಗು ಸಾಕು. 200 ಆಂಪಿಯರಿಗೆ ಏರಿಸಿದರೆ ಆ ಪ್ಲಗ್ಗು ತಾಳದು. ಮಹಾವಿತರಣದ ಮರಾಠಿ ಬಿಲ್ಲಿನಲ್ಲಿ ‘ಮಂಜೂರ ಭಾರ’ ಎಂದಿರುವ ಅಂಕಿಯನ್ನು ಮೊದಲು ನೋಡಿಕೊಳ್ಳಬೇಕು. ಮನೆಯ ಮೀಟರಿನಲ್ಲಿ ಪರರ ಕೆಲಸ ಮಾಡಬಹುದೇ? ಮಹಾರಾಷ್ಟ್ರದ ಇತ್ತೀಚಿನ ವರ್ಷಗಳ ದರ ಆದೇಶಗಳಲ್ಲಿ, ವಾಸದ ಮನೆಯ ಒಂದು ಭಾಗದಲ್ಲಿ ಉದ್ಯೋಗ ಮಾಡುತ್ತ ತಿಂಗಳಿಗೆ 300 ಯೂನಿಟ್ಟಿನೊಳಗೆ ಬಳಸುವವರಿಗೆ ಮನೆಯ ದರವನ್ನೇ ಹಚ್ಚುವ ಸವಲತ್ತಿದೆ. ಸದ್ಯದ ಆದೇಶವನ್ನು ಉಪವಿಭಾಗದ ಕಚೇರಿಯಲ್ಲಿ ಬರಹದ ಅರ್ಜಿ ಕೊಟ್ಟು ಖಚಿತಪಡಿಸಿಕೊಳ್ಳಿರಿ. ಹೊಲದ ಪಂಪಿನ ಜೋಡಣೆಯಿಂದ ತಂತಿ ಎಳೆದು ಬೆಸುಗೆ ಮಾಡುವುದು ಮಾತ್ರ ಬೇರೆಯೇ ಸಂಗತಿ. 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನಲ್ಲಿ ಅದು ಅನಧಿಕೃತ ಬಳಕೆ. ಅನ್ವಯಿಸುವ ದರದ ಎರಡರಷ್ಟು ವಸೂಲಾಗುತ್ತದೆ, ಎಂದಿನಿಂದ ಬಳಸುತ್ತಿದ್ದಿರೆಂದು ಗೊತ್ತಾಗದಿದ್ದರೆ ತಪಾಸಣೆಗೆ ಹಿಂದಿನ ಹನ್ನೆರಡು ತಿಂಗಳುಗಳ ಲೆಕ್ಕ ಹಿಡಿಯುತ್ತಾರೆ, ಮತ್ತು ಪಂಪಿನ ಜೋಡಣೆ ತಂದೆಯ ಹೆಸರಿನಲ್ಲಿದ್ದರೆ ನೋಟೀಸು ಬರುವುದು ಮಗನಿಗಲ್ಲ, ತಂದೆಗೆ.