ನಾಯಿಯನ್ನು ಹುಡುಕಿ ಬರುವ ಚಿರತೆ

ಅಂಗಳದಲ್ಲಿ ಕಟ್ಟಿದ ನಾಯಿ ಕಳ್ಳನ ಪಾಲಿಗೆ ಕಾವಲುಗಾರ. ಚಿರತೆಯ ಪಾಲಿಗೆ ಊಟ. ಕಾಡಂಚಿನ ಹಳ್ಳಿಗರಿಗೆ ಇದು ಹಳೆಯ ಅನುಭವ. ಈಗ ಪಟ್ಟಣದ ಹೊರವಲಯದ ಬಡಾವಣೆಗಳಲ್ಲಿ ಇರುವವರೂ ಇದನ್ನು ತಿಳಿದಿರಬೇಕಾಗಿದೆ.

ಹುಲಿಯಂತೆ ಚಿರತೆಗೆ ದೊಡ್ಡ ಕಾಡೇ ಬೇಕೆಂದಿಲ್ಲ. ಕುರುಚಲು ಗುಡ್ಡ, ಬಂಡೆಗಳ ಸಂದು, ಕಬ್ಬಿನ ಗದ್ದೆ ಇದ್ದರೂ ಅದು ಬದುಕಿಕೊಳ್ಳುತ್ತದೆ. ಜಿಂಕೆ ಸಿಗದಿದ್ದರೆ ಕುರಿ, ಮೇಕೆ, ನಾಯಿ ಯಾವುದಾದರೂ ಆದೀತು. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಚಿರತೆಗಳ ಆಹಾರದಲ್ಲಿ ನಾಯಿಗಳದ್ದೇ ದೊಡ್ಡ ಪಾಲು. ಕಸ, ಮಾಂಸದಂಗಡಿಯ ತ್ಯಾಜ್ಯ ಸುರಿದಲ್ಲಿ ಬೀದಿನಾಯಿಗಳು ಸೇರುತ್ತವೆ. ಅವುಗಳ ಹಿಂದೆಯೇ ಚಿರತೆ ಬರುತ್ತದೆ. ಆದ್ದರಿಂದ ಬೀದಿಯನ್ನು ಚೊಕ್ಕಟವಾಗಿಡುವುದೇ ಮೊದಲ ರಕ್ಷಣೆ.

ಸಂಜೆಯಿಂದ ಬೆಳಗಿನವರೆಗೆ ನಾಯಿಯನ್ನು ಮನೆಯೊಳಗೆ ಅಥವಾ ಗಟ್ಟಿ ಜಾಲರಿ, ಚಾವಣಿ, ಬಾಗಿಲು ಇರುವ ಗೂಡಿನಲ್ಲಿಡಿ. ಕಾಂಪೌಂಡ್ ಗೋಡೆಯನ್ನು ನಂಬಬೇಡಿ. ಚಿರತೆಗೆ ಅದು ಒಂದು ನೆಗೆತ. ಸರಪಳಿ ಹಾಕಿದ ನಾಯಿ ತಪ್ಪಿಸಿಕೊಳ್ಳಲೂ ಆರದು. ಚಿರತೆ ಕುತ್ತಿಗೆಗೇ ಬಾಯಿ ಹಾಕುವುದರಿಂದ ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಕುರಿ, ಮೇಕೆಗಳಿಗೂ ರಾತ್ರಿ ಭದ್ರವಾದ ಕೊಟ್ಟಿಗೆ ಬೇಕು.

ಅಪಾಯ ಸಾಕುಪ್ರಾಣಿಗಳಿಗಷ್ಟೇ ಅಲ್ಲ. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. 11 ವರ್ಷದ ಬಾಲಕನೂ ಇದ್ದ. ಚಿರತೆ ಓಡಾಡುವ ಊರಿನಲ್ಲಿ ಕತ್ತಲಾದ ಮೇಲೆ ಮಕ್ಕಳನ್ನು ಅಂಗಡಿಗೆ, ಪಾಠಕ್ಕೆ ಒಬ್ಬೊಬ್ಬರನ್ನೇ ಕಳಿಸಬಾರದು. ಗುಂಪಾಗಿ, ಟಾರ್ಚ್ ಹಿಡಿದು, ಗಟ್ಟಿಯಾಗಿ ಮಾತಾಡುತ್ತ ಹೋಗಲಿ. ಬಯಲಿಗೆ ಹೋಗುವ ಮಗುವಿನ ಜೊತೆ ದೊಡ್ಡವರಿರಲಿ. ಕುಕ್ಕರುಗಾಲಲ್ಲಿ ಕುಳಿತ ಮಗು ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುತ್ತದೆ.

ಚಿರತೆ ಎದುರಾದರೆ ಓಡಬೇಡಿ, ಬಗ್ಗಬೇಡಿ, ಬೆನ್ನು ತೋರಿಸಬೇಡಿ. ಚಿಕ್ಕ ಮಗುವಿದ್ದರೆ ಎತ್ತಿಕೊಳ್ಳಿ. ಕೈಗಳನ್ನು ಮೇಲೆತ್ತಿ, ಕೂಗುತ್ತ, ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಮೈಮೇಲೆ ಬಿದ್ದರೆ ಕುತ್ತಿಗೆ ಕಾಪಾಡಿಕೊಂಡು ಕೈಗೆ ಸಿಕ್ಕಿದ್ದರಿಂದ ಎದುರಿಸಬೇಕು. ಗಾಯವಾದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ ಮೆತ್ತಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಸಾಕುನಾಯಿಗೂ ಕಾಲಕಾಲಕ್ಕೆ ರೇಬಿಸ್ ಲಸಿಕೆ ತಪ್ಪಬಾರದು.

ಹಸು ಅಥವಾ ಕುರಿ ಸತ್ತರೆ ಕಳೇಬರವನ್ನು ಕದಲಿಸದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಪರಿಹಾರಕ್ಕೆ ಸ್ಥಳ ಪರಿಶೀಲನೆ ಅಗತ್ಯ. ಸಿಟ್ಟಿನಿಂದ ಕಳೇಬರಕ್ಕೆ ವಿಷ ಹಾಕುವುದು, ಉರುಳು ಒಡ್ಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಇನ್ನು, ಚಿರತೆ ಊರೊಳಗೆ ಸಿಕ್ಕಿಬಿದ್ದಿದೆ ಎಂದಾಗ ನೋಡಲು ಓಡುವುದು ಎಲ್ಲಕ್ಕಿಂತ ಅಪಾಯ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಅದನ್ನು ಹಿಡಿಯಲು ಹೋದ ಅನುಭವಿಗಳೇ ಗಾಯಗೊಂಡರು. ಅದೃಷ್ಟಕ್ಕೆ ಅಂದು ಭಾನುವಾರ, ಮಕ್ಕಳಿರಲಿಲ್ಲ. ಬಾಗಿಲು ಹಾಕಿಕೊಂಡು 112ಕ್ಕೆ ಅಥವಾ ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡಿ. ಆ ಕಚೇರಿಯ ನಂಬರನ್ನು ಇಂದೇ ಗೋಡೆಯ ಮೇಲೆ ಬರೆದಿಡಿ. ಸುತ್ತುವರಿದ ಚಿರತೆ ಎರಗುತ್ತದೆ. ದಾರಿ ಬಿಟ್ಟರೆ ಸಾಮಾನ್ಯವಾಗಿ ಬಂದ ಹಾಗೆಯೇ ಹೋಗುತ್ತದೆ.